ಗೂಡ್ಸ್ ವ್ಯಾಗನ್ ಕಿರುಮಾದರಿ: ಹಳೆಯ ಆಟಿಕೆಗಳ ಮಾರ್ಪಾಡು

ಮಕ್ಕಳ ಆಟಕ್ಕೆಂದು ತಯಾರಾದ ರೈಲು ಸೆಟ್ಟುಗಳಲ್ಲಿನ ಸರಕು ಡಬ್ಬಿಗಳನ್ನು ಬಿಚ್ಚಿ, ಅಳೆದು, ಬೇಕಾದಲ್ಲಿ ಕತ್ತರಿಸಿ, ಗಾಲಿ ಮತ್ತು ಕೊಂಡಿಗಳನ್ನು ಬದಲಿಸಿ, ನಿಜವಾದ ಹಳಿಯ ಮೇಲೆ ಓಡಿದ ಯಾವುದಾದರೊಂದು ವ್ಯಾಗನ್ನಿನ ಪ್ರಮಾಣಬದ್ಧ ಪ್ರತಿರೂಪವಾಗಿ ಮಾರ್ಪಡಿಸುವುದು ರೈಲು ಮಾದರಿ ತಯಾರಿಕೆಯ ಒಂದು ಮುಖ್ಯ ಶಾಖೆಯಾಗಿದೆ. ಉದ್ಯಾನಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸುತ್ತುವ ಪುಟಾಣಿ ರೈಲುಗಳಾಗಲಿ, ಊಟಿಯಂಥ ಬೆಟ್ಟದ ಹಾದಿಗಳಲ್ಲಿ ಓಡುವ, ಜನರು ರೂಢಿಯಲ್ಲಿ ‘ಟಾಯ್ ಟ್ರೇನ್’ ಎನ್ನುವ ನಿಜವಾದ ಗಾಡಿಗಳಾಗಲಿ ಇದರ ವ್ಯಾಪ್ತಿಗೆ ಬರುವುದಿಲ್ಲ. ಮೇಜಿನ ಮೇಲೆ ಹಾಸಿದ ಹಳಿಯಲ್ಲಿ ಓಡುವ, ಕೈಯಲ್ಲಿ ಎತ್ತಿ ಹಿಡಿಯಬಹುದಾದ ಡಬ್ಬಿಗಳಷ್ಟೇ ಇದರ ವಿಷಯ. ಆಟಿಕೆಯನ್ನು ಮಾದರಿಯಿಂದ ಬೇರ್ಪಡಿಸುವುದು ಅಳತೆ. ಆಟಿಕೆ ತಯಾರಕನಿಗೆ ಮಗುವಿನ ಕೈಯಿಂದ ಬಿದ್ದರೂ ಮುರಿಯದ, ಕಡಿದಾದ ತಿರುವಿನಲ್ಲೂ ಹಳಿ ತಪ್ಪದ, ಅಗ್ಗದಲ್ಲಿ ಅಚ್ಚು ಹೊಯ್ಯಬಹುದಾದ ವಸ್ತು ಬೇಕು. ಮಾದರಿಕಾರನಿಗೆ ನಿಜವಾದ ವ್ಯಾಗನ್ನಿನ ಉದ್ದ, ಅಗಲ, ಎತ್ತರ, ಗಾಲಿಯ ವ್ಯಾಸ, ಬಾಗಿಲಿನ ಸ್ಥಾನ, ಗೋಡೆಯ ಪಕ್ಕೆಪಟ್ಟಿಗಳ ಸಂಖ್ಯೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಿರಬೇಕು. ಈ ಎರಡು ಬೇಡಿಕೆಗಳ ನಡುವಿನ ಅಂತರವನ್ನು ಲೆಕ್ಕ ಹಾಕಿ, ಅದನ್ನು ಕೈಕೆಲಸದಿಂದ ತುಂಬುವುದೇ ಮಾರ್ಪಾಡಿನ ಸಾರ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಯಾಕೆ ಮಹತ್ವವಿದೆ ಎಂಬುದನ್ನು ತಿಳಿಯಲು ಇಲ್ಲಿನ ವಸ್ತುಸಂಗ್ರಹಾಲಯಗಳು ಏನನ್ನು ಉಳಿಸಿಕೊಂಡಿವೆ ಎಂದು ನೋಡಬೇಕು. ಮೈಸೂರಿನಲ್ಲಿ 1979ರಲ್ಲಿ ಆರಂಭವಾದ ರೈಲು ವಸ್ತುಸಂಗ್ರಹಾಲಯದಲ್ಲಿ ಮಹಾರಾಣಿಯವರ ಸಲೂನ್, ಹಬೆ ಎಂಜಿನ್‌ಗಳು, ಹಳಿಯ ಮೇಲೆ ಓಡುವಂತೆ ಮಾರ್ಪಡಿಸಿದ ಆಸ್ಟಿನ್ ಕಾರು ಮೊದಲಾದವು ನೋಡುಗರನ್ನು ಸೆಳೆಯುತ್ತವೆ. 2020ರಲ್ಲಿ ಹುಬ್ಬಳ್ಳಿಯಲ್ಲಿ ತೆರೆದ ವಸ್ತುಸಂಗ್ರಹಾಲಯ ಈ ಭಾಗದ ರೈಲ್ವೆ ಪರಂಪರೆಯನ್ನು ಪರಿಚಯಿಸುತ್ತದೆ. ಶಿವಮೊಗ್ಗ–ತಾಳಗುಪ್ಪ ಹಾದಿಯ ಅರಸಾಳು ನಿಲ್ದಾಣದ ಹಳೆಯ ಕಟ್ಟಡ, ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಚಿತ್ರೀಕರಣದ ನೆನಪಿಗೆ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ಉಳಿದಿದೆ. ಎಂಜಿನ್ನಿಗೂ ಅರಸರ ಸಲೂನಿಗೂ ದೊರೆತ ಈ ಆರೈಕೆ ಸರಕು ಡಬ್ಬಿಗೆ ದೊರೆತದ್ದು ತೀರ ಕಡಿಮೆ. ಅವಧಿ ಮುಗಿದ ವ್ಯಾಗನ್ನು ಗುಜರಿಯಾಗಿ ಹರಾಜಾಗಿ, ಕುಲುಮೆಯಲ್ಲಿ ಕರಗಿ ಬೇರೆ ಉಕ್ಕಾಗುತ್ತದೆ. ಭತ್ತ, ಅಡಿಕೆ, ಮ್ಯಾಂಗನೀಸ್, ಸೌದೆ, ಗೊಬ್ಬರ, ಸಕ್ಕರೆ ಎಂದು ನಾಡಿನ ಆರ್ಥಿಕ ಬದುಕನ್ನು ಹೊತ್ತು ತಿರುಗಿದ ಈ ಡಬ್ಬಿಗಳ ಛಾಯಾಚಿತ್ರಗಳೂ ವಿರಳ, ಏಕೆಂದರೆ ಕ್ಯಾಮೆರಾ ಹಿಡಿದವರು ಬಹುಪಾಲು ಎಂಜಿನ್ನಿನ ಕಡೆಗೇ ತಿರುಗಿದ್ದರು. ಹೀಗಾಗಿ ಸರಿಯಾದ ಅಳತೆಯಲ್ಲಿ ಮಾಡಿದ ಒಂದು ಕಿರುಮಾದರಿ, ಅದರ ಒಡಲು ಹಳೆಯ ಆಟಿಕೆಯಿಂದಲೇ ಬಂದದ್ದಾಗಿದ್ದರೂ, ಇತಿಹಾಸದ ದಾಖಲೆಯ ಸ್ಥಾನವನ್ನು ಪಡೆಯಬಲ್ಲದು.

ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯ ಸುತ್ತಲಿನ ಪ್ರದೇಶವನ್ನೇ ತೆಗೆದುಕೊಂಡರೆ ಈ ಮಾತು ಸ್ಪಷ್ಟವಾಗುತ್ತದೆ. ಉಬ್ರಾಣಿ, ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಸೀಮೆ ಎರಡು ರೈಲು ಹಾದಿಗಳ ನಡುವೆ ಇರುವ ನಾಡು: ಪೂರ್ವಕ್ಕೆ ಬೀರೂರು, ಅಜ್ಜಂಪುರ, ಚಿಕ್ಕಜಾಜೂರು, ದಾವಣಗೆರೆ, ಹರಿಹರಗಳ ಮೂಲಕ ಸಾಗುವ ಮುಖ್ಯ ಮಾರ್ಗ, ದಕ್ಷಿಣಕ್ಕೂ ಪಶ್ಚಿಮಕ್ಕೂ ಬೀರೂರಿನಿಂದ ತರೀಕೆರೆ, ಭದ್ರಾವತಿಗಳನ್ನು ಮುಟ್ಟಿ ಶಿವಮೊಗ್ಗಕ್ಕೆ ಹೋಗುವ ಕವಲು. ಬೆಂಗಳೂರಿನಿಂದ ಹರಿಹರದವರೆಗಿನ ಮೀಟರ್ ಗೇಜ್ ಹಾದಿ 1889ರಲ್ಲಿ ಪೂರ್ಣಗೊಂಡಿತು. ಬೀರೂರು–ಶಿವಮೊಗ್ಗ ಕವಲು 1899ರಲ್ಲಿ ತೆರೆಯಿತು. ಶಿವಮೊಗ್ಗದಿಂದ ತಾಳಗುಪ್ಪದವರೆಗಿನ ಮುಂದುವರಿಕೆ 1940ರದು. ಇವಲ್ಲದೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡು ಅಡಿ ಅಗಲದ ಕಿರುಹಳಿ ಓಡಿತ್ತು, ಮತ್ತು 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ, ಇದ್ದಿಲಿಗೆ ಬೇಕಾದ ಸೌದೆಯನ್ನೂ ಕೆಮ್ಮಣ್ಣುಗುಂಡಿಯ ಅದಿರನ್ನೂ ತರಿಸಿಕೊಳ್ಳಲು ಕಾಡಿನೊಳಗೆ ತನ್ನದೇ ಟ್ರಾಮ್ ಹಳಿಗಳನ್ನು ಹಾಕಿಸಿತ್ತು. 1992ರಲ್ಲಿ ಭಾರತೀಯ ರೈಲ್ವೆ ಕೈಗೊಂಡ ಏಕಗೇಜ್ ಯೋಜನೆಯ ಫಲವಾಗಿ ಈ ಭಾಗದ ಮೀಟರ್ ಗೇಜ್ ಹಳಿಗಳೆಲ್ಲ ಬ್ರಾಡ್ ಗೇಜಿಗೆ ತಿರುಗಿದವು. ಕಿರುಹಳಿಗಳು ಅದಕ್ಕೆ ಮೊದಲೇ ಕಣ್ಮರೆಯಾಗಿದ್ದವು. ಹಳಿಯ ಅಗಲ ಬದಲಾದೊಡನೆ ಅದರ ಮೇಲಿನ ವ್ಯಾಗನ್‌ಗಳ ಒಂದು ಇಡೀ ಕುಲವೇ ಬಳಕೆಯಿಂದ ಹೊರಗಾಯಿತು.

ಮಾರ್ಪಾಡನ್ನು ಅರ್ಥಮಾಡಿಕೊಳ್ಳಲು ಪ್ರಮಾಣ ಮತ್ತು ಗೇಜ್ ಎಂಬ ಎರಡು ಪರಿಕಲ್ಪನೆಗಳು ಬೇಕು. ಪ್ರಮಾಣವೆಂದರೆ ನಿಜವಾದ ವಸ್ತು ಎಷ್ಟು ಪಟ್ಟು ಕುಗ್ಗಿದೆ ಎಂಬ ಅನುಪಾತ. ಗೇಜ್ ಎಂದರೆ ಎರಡು ಹಳಿಗಳ ಒಳಅಂಚುಗಳ ನಡುವಿನ ಅಂತರ. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಎಚ್ಒ ಪ್ರಮಾಣ 1:87. ಬ್ರಿಟನ್ನಿನಲ್ಲಿ ರೂಢಿಯಲ್ಲಿರುವ ಒಒ ಪ್ರಮಾಣ 1:76. ಅಮೆರಿಕದ ಎಸ್ ಪ್ರಮಾಣ 1:64. ಇವೆಲ್ಲಕ್ಕಿಂತ ಚಿಕ್ಕದಾದ ಎನ್ ಪ್ರಮಾಣ ಸಾಮಾನ್ಯವಾಗಿ 1:160. ಎಚ್ಒ ಮತ್ತು ಒಒ ಎರಡೂ 16.5 ಮಿ.ಮೀ. ಅಂತರದ ಹಳಿಯನ್ನೇ ಬಳಸುತ್ತವೆ. ಈ ಅಂಕಿ ಯುರೋಪು, ಅಮೆರಿಕಗಳ 1435 ಮಿ.ಮೀ. ಗೇಜನ್ನು 87ರಿಂದ ಭಾಗಿಸಿದಾಗ ಬರುವಂಥದು. ಭಾರತದ ಬ್ರಾಡ್ ಗೇಜ್ 1676 ಮಿ.ಮೀ. ಆದ್ದರಿಂದ 1:87ರಲ್ಲಿ ಅದರ ಹಳಿಯ ಅಂತರ 19.3 ಮಿ.ಮೀ. ಇರಬೇಕು, 1:76ರಲ್ಲಿ 22 ಮಿ.ಮೀ. ಇರಬೇಕು. ಪೇಟೆಯಲ್ಲಿ ದೊರೆಯುವ ಹಳಿಯ ಮೇಲೆ ಭಾರತೀಯ ವ್ಯಾಗನ್ನನ್ನು 1:87ರಲ್ಲಿ ನಿಲ್ಲಿಸಿದರೆ ಹಳಿ ಸುಮಾರು 2.8 ಮಿ.ಮೀ. ಕಿರಿದಾಗುತ್ತದೆ, ಅಂದರೆ ನಿಜದ ಅಳತೆಯಲ್ಲಿ 24 ಸೆಂಟಿಮೀಟರಿನಷ್ಟು. ಕಲ್ಲಿದ್ದಲು, ಅದಿರು ಸಾಗಿಸುವ ಬಾಕ್ಸ್‌ಎನ್ ಎಂಬ ನಿಜವಾದ ವ್ಯಾಗನ್ನಿನ ಅಗಲ ಹಳಿಯ ಅಂತರದ 1.9 ಪಟ್ಟು ಇದ್ದರೆ, ಈ ಮಾದರಿಯಲ್ಲಿ ಅದು 2.2 ಪಟ್ಟಿಗೆ ಏರುತ್ತದೆ; ಎದುರಿನಿಂದ ನೋಡಿದಾಗ ಡಬ್ಬಿ ದಪ್ಪವಾಗಿಯೂ ಕಾಲು ಕಿರಿದಾಗಿಯೂ ಕಾಣುವುದಕ್ಕೆ ಕಾರಣ ಇದು. ಕೆಲವರು 19.3 ಮಿ.ಮೀ. ಹಳಿಯನ್ನು ತಾವೇ ಕೈಯಿಂದ ಹಾಸುವ ಕಷ್ಟವನ್ನು ಆಯ್ದುಕೊಳ್ಳುತ್ತಾರೆ; ಹೆಚ್ಚಿನವರು 16.5 ಮಿ.ಮೀ. ಹಳಿಯನ್ನೇ ಒಪ್ಪಿಕೊಂಡು, ಪಕ್ಕದ ನೋಟ ಸರಿಯಿರುವಂತೆ ಉಳಿದೆಲ್ಲ ಅಳತೆಗಳನ್ನು ಕಾಪಾಡುತ್ತಾರೆ. ಎರಡೂ ಸಲ್ಲುವ ದಾರಿಗಳೇ. ಆದರೆ ಯಾವುದನ್ನು ಬಿಟ್ಟುಕೊಡಲಾಗಿದೆ ಎಂಬುದನ್ನು ಮಾದರಿಕಾರನು ತಿಳಿದು ಬಿಟ್ಟುಕೊಟ್ಟಿರಬೇಕು, ನೋಡುವವರಿಗೂ ಅದನ್ನು ಹೇಳಬೇಕು.

ಬ್ರಿಟನ್ನಿನ ಮಾದರಿಕಾರರು ಇಂಥದೇ ತೊಡಕನ್ನು ಎದುರಿಸಿದ್ದರು. ಅಲ್ಲಿನ 1:76 ಪ್ರಮಾಣದ ಡಬ್ಬಿ 16.5 ಮಿ.ಮೀ. ಹಳಿಯ ಮೇಲೆ ಓಡಿದಾಗಲೂ ಹಳಿ ಕಿರಿದಾಗಿಯೇ ಇತ್ತು. ಅದನ್ನು ತಿದ್ದಲು ಮೊದಲು 18.2 ಮಿ.ಮೀ. ಅಂತರದ, ಆಮೇಲೆ 1960ರ ದಶಕದಲ್ಲಿ 18.83 ಮಿ.ಮೀ. ಅಂತರದ ನಿಖರ ಮಾನದಂಡಗಳು ರೂಪುಗೊಂಡವು. ಭಾರತೀಯ ಬ್ರಾಡ್ ಗೇಜನ್ನು ಮಾದರಿಯಾಗಿಸುವವರಿಗೆ ಅವರ ಅನುಭವ ಒಳ್ಳೆಯ ಪಾಠವಾಗಿದೆ. ಮೀಟರ್ ಗೇಜ್ ಆಯ್ದುಕೊಂಡವರ ಅದೃಷ್ಟ ಇನ್ನೂ ಒಳ್ಳೆಯದು: 1000 ಮಿ.ಮೀ.ಯನ್ನು 87ರಿಂದ ಭಾಗಿಸಿದರೆ 11.5 ಬರುತ್ತದೆ, ಪೇಟೆಯಲ್ಲಿ 12 ಮಿ.ಮೀ. ಹಳಿ ಸಿದ್ಧವಾಗಿಯೇ ಸಿಗುತ್ತದೆ. ತರೀಕೆರೆ–ನರಸಿಂಹರಾಜಪುರದಂಥ ಎರಡಡಿ ಕಿರುಹಳಿಗೆ 1:64ರಲ್ಲಿ 9.5 ಮಿ.ಮೀ. ಬೇಕಾಗುವುದರಿಂದ ಎನ್ ಪ್ರಮಾಣದ 9 ಮಿ.ಮೀ. ಹಳಿ ಬಹುಮಟ್ಟಿಗೆ ಹೊಂದುತ್ತದೆ. ಕಳೆದುಹೋದ ಹಳಿಗಳೇ ಮಾದರಿಗೆ ಸುಲಭವಾಗಿ ಒಗ್ಗುತ್ತವೆ ಎಂಬುದು ಈ ನಾಡಿನ ಮಾದರಿಕಾರರು ಬಳಸಿಕೊಳ್ಳಬೇಕಾದ ಅನುಕೂಲ.

ಮಾರ್ಪಾಡಿಗೆ ಒಳಗಾಗುವ ಆಟಿಕೆಗಳ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬಹುದು. ಜರ್ಮನಿಯ ಮೇರ್ಕ್ಲಿನ್ ಸಂಸ್ಥೆ 1891ರಲ್ಲಿ ಆಟಿಕೆ ರೈಲಿನ ಹಳಿಗಳಿಗೆ ಕ್ರಮಬದ್ಧ ಗೇಜುಗಳನ್ನು ನಿಗದಿಮಾಡಿತು. ಮೆಕ್ಯಾನೊ ಸೆಟ್ಟುಗಳನ್ನು ರೂಪಿಸಿದ ಫ್ರ್ಯಾಂಕ್ ಹಾರ್ನ್‌ಬಿ 1920ರಲ್ಲಿ ಲಿವರ್‌ಪೂಲಿನಿಂದ ಒ ಗೇಜಿನ ಕೀಲಿ ರೈಲುಗಳನ್ನು ಹೊರತಂದರು. ಅವುಗಳ ವ್ಯಾಗನ್‌ಗಳು ತಗಡಿನವು. 1938ರಲ್ಲಿ ಬಂದ ಹಾರ್ನ್‌ಬಿ ಡಬ್ಲೊ ಸರಣಿ ಚಿಕ್ಕ ಗಾತ್ರದ, ಮೂರು ಹಳಿಯ ವಿದ್ಯುತ್ ರೈಲಾಗಿದ್ದು, 1959ರಲ್ಲಿ ಎರಡು ಹಳಿಗೆ ತಿರುಗಿತು. ಅಮೆರಿಕದಲ್ಲಿ ಎ.ಸಿ. ಗಿಲ್ಬರ್ಟ್ ಸಂಸ್ಥೆ ಅಮೆರಿಕನ್ ಫ್ಲೈಯರ್ ಹೆಸರಿನಲ್ಲಿ 1946ರಿಂದ ಎಸ್ ಗೇಜಿನ ರೈಲುಗಳನ್ನು ಮಾರಿತು. ಈ ಕೊನೆಯ ಉದಾಹರಣೆ ಮಾರ್ಪಾಡಿನ ಚರಿತ್ರೆಯಲ್ಲಿ ವಿಶೇಷವಾದದ್ದು, ಏಕೆಂದರೆ ಗಿಲ್ಬರ್ಟ್ ಡಬ್ಬಿಗಳ ಮೈ ಬಹುಪಾಲು 1:64ರ ಪ್ರಮಾಣಕ್ಕೆ ಹತ್ತಿರವಾಗಿದ್ದು, ಗಾಲಿ ಮತ್ತು ಕೊಂಡಿಗಳು ಮಾತ್ರ ಆಟಿಕೆಯ ದರ್ಜೆಯವಾಗಿದ್ದವು. ಹಾಗಾಗಿ ಕೆಳಗಿನ ಭಾಗವನ್ನಷ್ಟೇ ಬದಲಿಸಿ ಮೇಲಿನದನ್ನು ಉಳಿಸಿಕೊಳ್ಳುವ ಪದ್ಧತಿ ಅಲ್ಲಿ ಬೇಗನೆ ಬೇರೂರಿತು. 1935ರಲ್ಲಿ ಸ್ಥಾಪನೆಯಾದ ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘ ಗಾಲಿಯ ಅಂಚು, ಡಬ್ಬಿಯ ತೂಕ, ಕೊಂಡಿಯ ಎತ್ತರ ಮುಂತಾದವುಗಳಿಗೆ ಮಾನದಂಡಗಳನ್ನು ಹೊರಡಿಸಿದ್ದರಿಂದ ಒಬ್ಬರು ಮಾರ್ಪಡಿಸಿದ ಡಬ್ಬಿ ಇನ್ನೊಬ್ಬರ ಹಳಿಯ ಮೇಲೂ ಓಡುವಂತಾಯಿತು. ಭಾರತದಲ್ಲಿ ಕಿರುಮಾದರಿ ರೈಲಿಗೆ ಸಾರ್ವಜನಿಕರ ಗಮನ ತಂದುಕೊಟ್ಟದ್ದು 1998ರಲ್ಲಿ ಪುಣೆಯಲ್ಲಿ ತೆರೆದ ಜೋಶಿಯವರ ಕಿರು ರೈಲು ವಸ್ತುಸಂಗ್ರಹಾಲಯ.

ಭಾರತೀಯ ವ್ಯಾಗನ್‌ಗಳ ಸಿದ್ಧ ಮಾದರಿಗಳು ಪೇಟೆಯಲ್ಲಿ ಸಲೀಸಾಗಿ ಸಿಗದಿರುವುದು ಇಲ್ಲಿ ಮಾರ್ಪಾಡು ಅನಿವಾರ್ಯವಾಗಲು ಮೊದಲ ಕಾರಣ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೂ, 2023ರಲ್ಲಿ ಶೇ. 70ಕ್ಕೂ ಏರಿದ ಮೇಲೆ ಹೊರದೇಶದ ಹೊಸ ಡಬ್ಬಿ ತರಿಸುವುದು ಇನ್ನಷ್ಟು ದುಬಾರಿಯಾಯಿತು. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಉಳಿದುಕೊಂಡ ಹಳೆಯ ರೈಲು ಸೆಟ್ಟು, ವಿದೇಶದಿಂದ ಬಂಧುಗಳು ತಂದುಕೊಟ್ಟು ಈಗ ಒಂದೆರಡು ಗಾಲಿ ಕಳೆದುಕೊಂಡ ಡಬ್ಬಿ, ಜಾತ್ರೆಯಲ್ಲೂ ಪೇಟೆಯಲ್ಲೂ ಸಿಗುವ ದೇಶೀಯ ಪ್ಲಾಸ್ಟಿಕ್ ರೈಲು ಇವೇ ಇಲ್ಲಿನ ಮಾದರಿಕಾರನ ಕಚ್ಚಾ ಸಾಮಗ್ರಿ.

ಕೆಲಸ ಆರಂಭವಾಗುವುದು ಆಟಿಕೆಯಿಂದಲ್ಲದೆ ನಿಜವಾದ ವ್ಯಾಗನ್ನಿನ ನಕ್ಷೆಯಿಂದ. ಕಲ್ಲಿದ್ದಲು, ಅದಿರುಗಳ ಸಾಗಣೆಗೆ ಭಾರತೀಯ ರೈಲ್ವೆ ವ್ಯಾಪಕವಾಗಿ ಬಳಸಿದ ಬಾಕ್ಸ್‌ಎನ್ ಎಂಬ ಎತ್ತರದ ಗೋಡೆಯ ತೆರೆದ ವ್ಯಾಗನ್ನನ್ನು ಉದಾಹರಣೆಯಾಗಿ ನೋಡಬಹುದು. ಬಳ್ಳಾರಿ–ಹೊಸಪೇಟೆ ಸೀಮೆಯ ಕಬ್ಬಿಣದ ಅದಿರಿನ ಗಾಡಿಗಳಲ್ಲಿ ಇದನ್ನು ಕಾಣದವರು ಕಡಿಮೆ. ಕೊಂಡಿಯಿಂದ ಕೊಂಡಿಗೆ ಇದರ ಉದ್ದ 10,713 ಮಿ.ಮೀ., ಅಗಲ 3,200 ಮಿ.ಮೀ., ಹಳಿಯಿಂದ ಮೇಲಂಚಿನವರೆಗಿನ ಎತ್ತರ 3,225 ಮಿ.ಮೀ., ಗಾಲಿಯ ವ್ಯಾಸ 1,000 ಮಿ.ಮೀ. ಇವನ್ನು 1:87ಕ್ಕೆ ಇಳಿಸಿದಾಗ ಉದ್ದ 123, ಅಗಲ 36.8, ಎತ್ತರ 37, ಗಾಲಿ 11.5 ಮಿ.ಮೀ. ಆಗುತ್ತವೆ. ಈ ಅಂಕಿಗಳನ್ನು ಕಾಗದದಲ್ಲಿ ಬರೆದಿಟ್ಟುಕೊಂಡು, ಕೈಯಲ್ಲಿರುವ ಆಟಿಕೆಯನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆದು ಪಕ್ಕದಲ್ಲಿ ಬರೆದರೆ, ಯಾವ ಭಾಗ ಉಳಿಯುತ್ತದೆ, ಯಾವುದನ್ನು ಕತ್ತರಿಸಬೇಕು, ಯಾವುದನ್ನು ಎಸೆಯಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ. ಅಮೆರಿಕದ ನಲವತ್ತು ಅಡಿಯ ಮುಚ್ಚಿದ ಡಬ್ಬಿಯ ಮೈ ಎಚ್ಒ ಪ್ರಮಾಣದಲ್ಲಿ ಸುಮಾರು 140 ಮಿ.ಮೀ. ಉದ್ದವಿರುವುದರಿಂದ ಅದರ ತಳವನ್ನು ಬಾಕ್ಸ್‌ಎನ್‌ಗೆ ಬಳಸಬೇಕಾದರೆ ನಡುವಿನ ಒಂದು ತುಂಡನ್ನು ಗರಗಸದಿಂದ ತೆಗೆದು ಎರಡು ತುದಿಗಳನ್ನು ಮತ್ತೆ ಕೂಡಿಸಬೇಕಾಗುತ್ತದೆ. ಆಗ ಮೂಲೆಮಟ್ಟ ಹಿಡಿದು ಗೆರೆ ಎಳೆಯದಿದ್ದರೆ ಡಬ್ಬಿ ಬಾಳೆಕಾಯಿಯಂತೆ ಬಾಗಿ ನಿಲ್ಲುತ್ತದೆ, ಮುಂದಿನ ಯಾವ ಕೌಶಲವೂ ಅದನ್ನು ಸರಿಪಡಿಸಲಾರದು.

ನಕ್ಷೆಗಳ ಮೂಲ ಮುಖ್ಯವಾಗಿ ಲಖನೌದ ಸಂಶೋಧನಾ ವಿನ್ಯಾಸ ಮತ್ತು ಮಾನಕ ಸಂಸ್ಥೆ. 1957ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ರೈಲ್ವೆಯ ವ್ಯಾಗನ್‌ಗಳ ವಿನ್ಯಾಸವನ್ನು ನಿರ್ಧರಿಸುತ್ತದೆ. ನಕ್ಷೆ ದೊರೆಯದ ಹಳೆಯ ಡಬ್ಬಿಗಳ ವಿಷಯದಲ್ಲಿ ಪಕ್ಕದಿಂದ ನೇರವಾಗಿ ತೆಗೆದ ಛಾಯಾಚಿತ್ರವೇ ಆಧಾರ. ಗಾಲಿಯ ವ್ಯಾಸದಂಥ ಒಂದು ಅಳತೆ ಖಚಿತವಾಗಿ ತಿಳಿದಿದ್ದರೆ, ಚಿತ್ರದಲ್ಲಿ ಅದು ಎಷ್ಟು ಮಿಲಿಮೀಟರ್ ಇದೆ ಎಂದು ನೋಡಿ, ಉಳಿದ ಅಳತೆಗಳನ್ನು ತ್ರೈರಾಶಿಯಿಂದ ಹೊರಡಿಸಬಹುದು.

ಮಾರ್ಪಾಡಿನಲ್ಲಿ ಮೊದಲ ಬದಲಾವಣೆ ಗಾಲಿಗಳದು. ಆಟಿಕೆಯ ಗಾಲಿಯ ಒಳಅಂಚು, ಅಂದರೆ ಹಳಿ ತಪ್ಪದಂತೆ ತಡೆಯುವ ಎದ್ದುನಿಂತ ಬಳೆ, ತೀರ ಎತ್ತರವಾಗಿರುತ್ತದೆ. ಮಾನದಂಡದ ಪ್ರಕಾರ ಎಚ್ಒ ಪ್ರಮಾಣದಲ್ಲಿ ಅದು ಸುಮಾರು 0.64 ಮಿ.ಮೀ. ಇದ್ದರೆ ಸಾಕು. ಮೂರು ಹಳಿಯ ಕಾಲದ ಲೋಹದ ಗಾಲಿಗಳಲ್ಲಿ ಇನ್ನೊಂದು ತೊಂದರೆಯಿದೆ: ಅವು ಒಂದು ಹಳಿಯಿಂದ ಇನ್ನೊಂದು ಹಳಿಗೆ ವಿದ್ಯುತ್ತನ್ನು ಹಾಯಿಸಿಬಿಡುತ್ತವೆ. ಎರಡು ಹಳಿಯ ವ್ಯವಸ್ಥೆಯಲ್ಲಿ ಹಾಗಾದರೆ ಶಾರ್ಟ್ ಸರ್ಕಿಟ್ ಆಗುವುದರಿಂದ ಒಂದು ಬದಿಯ ಗಾಲಿಯಾದರೂ ಅಚ್ಚಿನಿಂದ ವಿದ್ಯುತ್ ನಿರೋಧಕ ಬುಶ್ ಮೂಲಕ ಬೇರ್ಪಟ್ಟಿರಬೇಕು. ಆದುದರಿಂದ ಹಳೆಯ ಗಾಲಿಗಳನ್ನು ಉಳಿಸಿಕೊಳ್ಳುವ ಪ್ರಯತ್ನಕ್ಕೆ ಹೋಗದೆ, ಅಚ್ಚಿನ ತುದಿ ಸೂಜಿಮೊನೆಯಂತಿರುವ ಹೊಸ ಗಾಲಿಜೋಡಿಗಳನ್ನು ಹಾಕುವುದೇ ಲೇಸು. ಘರ್ಷಣೆ ಇಳಿದು ಡಬ್ಬಿ ಹಗುರವಾಗಿ ಉರುಳುತ್ತದೆ. ಯುರೋಪಿನ ಮಾದರಿಗಳಿಗೆ ತಯಾರಾಗುವ 11 ಮಿ.ಮೀ. ಗಾಲಿಗಳು ಭಾರತೀಯ ವ್ಯಾಗನ್ನಿನ 11.5 ಮಿ.ಮೀ.ಗೆ ಹತ್ತಿರವಾದವು, ಅಮೆರಿಕದ ಆಟಿಕೆಗಳಲ್ಲಿ ಸಾಮಾನ್ಯವಾಗಿ ಬರುವ ಗಾಲಿಗಳು ಇದಕ್ಕಿಂತ ಚಿಕ್ಕವಾಗಿದ್ದು ಡಬ್ಬಿಯನ್ನು ಕುಳ್ಳಗೆ ತೋರಿಸುತ್ತವೆ.

ಬೋಗಿ ಎಂಬ ಮಾತು ಆಡುನುಡಿಯಲ್ಲಿ ಇಡೀ ಡಬ್ಬಿಗೆ ಸಲ್ಲುತ್ತದಾದರೂ ತಾಂತ್ರಿಕವಾಗಿ ಅದು ಡಬ್ಬಿಯ ಕೆಳಗೆ ತಿರುಗುಗೂಟದ ಮೇಲೆ ನಿಂತ ನಾಲ್ಕು ಗಾಲಿಗಳ ಚೌಕಟ್ಟು. ಬಾಕ್ಸ್‌ಎನ್‌ನ ಕ್ಯಾಸ್‌ನಬ್ ಬೋಗಿ ಎರಕದ ಉಕ್ಕಿನ ಎರಡು ಪಕ್ಕದ ಚೌಕಟ್ಟು ಮತ್ತು ನಡುವಿನ ಒಂದು ಅಡ್ಡತೊಲೆ ಸೇರಿ ಆದದ್ದು. ಅಮೆರಿಕದ ಸರಕು ಬೋಗಿಯ ರಚನೆಯೂ ಇದೇ ಬಗೆಯದಾದ್ದರಿಂದ ಅಲ್ಲಿನ ಆಟಿಕೆಯ ಬೋಗಿಗಳು ಇಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತವೆ, ಆದರೆ ಗಾಲಿಗಳ ನಡುವಿನ ಅಂತರ ಕ್ಯಾಸ್‌ನಬ್‌ನಲ್ಲಿ 2,000 ಮಿ.ಮೀ. ಅಂದರೆ ಮಾದರಿಯಲ್ಲಿ 23 ಮಿ.ಮೀ. ಇರಬೇಕಾಗಿದ್ದು, ಆಟಿಕೆಯಲ್ಲಿ ಎರಡು ಮೂರು ಮಿಲಿಮೀಟರ್ ಕಡಿಮೆ ಬೀಳುತ್ತದೆ. ಎರಡು ಬೋಗಿಗಳಲ್ಲಿ ಒಂದನ್ನು ಎಡಬಲಕ್ಕೆ ತಿರುಗುವಷ್ಟೇ ಸಡಿಲವಾಗಿ, ಇನ್ನೊಂದನ್ನು ಎಲ್ಲ ದಿಕ್ಕಿಗೂ ತುಸು ಓಲಾಡುವಂತೆ ತಿರುಪಿನಿಂದ ಬಿಗಿಯುವುದು ಅನುಭವಿಗಳ ಪದ್ಧತಿ. ಹೀಗೆ ಮಾಡಿದಾಗ ಡಬ್ಬಿಯ ಭಾರ ಮೂರು ಬಿಂದುಗಳ ಮೇಲೆ ಕೂತು, ಏರುಪೇರಾದ ಹಳಿಯಲ್ಲೂ ನಾಲ್ಕು ಅಚ್ಚುಗಳು ನೆಲೆ ತಪ್ಪುವುದಿಲ್ಲ.

ಕೊಂಡಿಯ ವಿಷಯದಲ್ಲಿ ಆಟಿಕೆಗಳ ದೋಷ ಎದ್ದು ಕಾಣುತ್ತದೆ. ಅವುಗಳ ಕೊಂಡಿ ಬೋಗಿಗೆ ಅಂಟಿಕೊಂಡಿದ್ದು, ತಿರುವಿನಲ್ಲಿ ಬೋಗಿಯೊಡನೆ ತಿರುಗುತ್ತದೆ. ಎರಡು ಡಬ್ಬಿಗಳ ನಡುವೆ ಅಗತ್ಯಕ್ಕಿಂತ ಹೆಚ್ಚು ಜಾಗ ಬಿಡುತ್ತದೆ. ಗಾಡಿಯನ್ನು ಹಿಂದಕ್ಕೆ ತಳ್ಳಿದಾಗ ಬೋಗಿಯನ್ನೇ ಅಡ್ಡ ತಿರುಗಿಸಿ ಹಳಿ ತಪ್ಪಿಸುತ್ತದೆ. ಆ ಭಾಗವನ್ನು ಕತ್ತರಿಸಿ ಬಿಸುಟು, ಡಬ್ಬಿಯ ತಳಕ್ಕೇ ನಿಜವಾದ ಎತ್ತರದಲ್ಲಿ ಕೊಂಡಿಯ ಪೆಟ್ಟಿಗೆಯನ್ನು ಕೂರಿಸುವುದು ಮಾರ್ಪಾಡಿನ ಅತ್ಯಂತ ಫಲಕಾರಿ ಹೆಜ್ಜೆ. ಯಾವ ಬಗೆಯ ಕೊಂಡಿ ಎಂಬುದನ್ನು ವ್ಯಾಗನ್ನಿನ ಕಾಲ ಮತ್ತು ಗೇಜ್ ನಿರ್ಧರಿಸುತ್ತವೆ. ಹಳೆಯ ಬ್ರಾಡ್ ಗೇಜ್ ನಾಲ್ಕುಗಾಲಿ ಡಬ್ಬಿಗಳಿಗೆ ಎರಡು ಬದಿಯ ಬಫರುಗಳೂ ನಡುವೆ ತಿರುಪಿನ ಕೊಂಡಿಯೂ ಇದ್ದವು. ಬಾಕ್ಸ್‌ಎನ್‌ಗೆ ಬದಿಯ ಬಫರುಗಳಿಲ್ಲ, ನಡುವಿನ ಬೆರಳುಕೊಂಡಿಯೇ ಎಳೆತ ಮತ್ತು ನೂಕುಗಳೆರಡನ್ನೂ ತಾಳುತ್ತದೆ. ಮೀಟರ್ ಗೇಜಿನಲ್ಲಿ ನಡುವೆ ಒಂದೇ ಬಫರು ಇದ್ದು ಅದರ ಮೇಲೆ ಕೊಕ್ಕೆಯಾಕಾರದ ಕೊಂಡಿ ಬಂದು ಬೀಳುತ್ತಿತ್ತು. ಯುರೋಪಿನ ಆಟಿಕೆಯ ಎರಡು ಬಫರುಗಳನ್ನು ಹಾಗೆಯೇ ಬಿಟ್ಟು ಬೀರೂರು–ಶಿವಮೊಗ್ಗ ಹಾದಿಯ ಮೀಟರ್ ಗೇಜ್ ಡಬ್ಬಿ ಎಂದು ಬಣ್ಣ ಬಳಿದರೆ, ಆ ಹಾದಿಯಲ್ಲಿ ಕೆಲಸ ಮಾಡಿದವರು ಮೊದಲ ನೋಟಕ್ಕೇ ತಪ್ಪನ್ನು ಗುರುತಿಸುತ್ತಾರೆ.

ತೂಕದ ಲೆಕ್ಕವೂ ಕುತೂಹಲಕರವಾಗಿದೆ. ಬಾಕ್ಸ್‌ಎನ್‌ನ ಖಾಲಿ ತೂಕ 22.47 ಟನ್, ತುಂಬಿದಾಗ 81.28 ಟನ್. ಉದ್ದ 87 ಪಟ್ಟು ಕುಗ್ಗಿದಾಗ ಘನಗಾತ್ರವೂ ಅದರೊಡನೆ ತೂಕವೂ 87ರ ಘನದಷ್ಟು, ಅಂದರೆ ಆರೂವರೆ ಲಕ್ಷ ಪಟ್ಟಿಗೂ ಹೆಚ್ಚು ಕುಗ್ಗುತ್ತವೆ; ಆ ಲೆಕ್ಕದಲ್ಲಿ ಖಾಲಿ ಮಾದರಿ ಸುಮಾರು 34 ಗ್ರಾಂ, ತುಂಬಿದ್ದು ಸುಮಾರು 123 ಗ್ರಾಂ ತೂಗಬೇಕು. ಅಮೆರಿಕದ ಸಂಘದ ಶಿಫಾರಸಿನಂತೆ ಎಚ್ಒ ಡಬ್ಬಿಗೆ ಒಂದು ಔನ್ಸ್ ಮೂಲ ತೂಕವೂ ಪ್ರತಿ ಇಂಚು ಉದ್ದಕ್ಕೆ ಅರ್ಧ ಔನ್ಸಿನಂತೆ ಹೆಚ್ಚುವರಿ ತೂಕವೂ ಇರಬೇಕಾಗಿದ್ದು, 123 ಮಿ.ಮೀ. ಡಬ್ಬಿಗೆ ಅದು ಸುಮಾರು 97 ಗ್ರಾಂ ಆಗುತ್ತದೆ. ಎರಡು ಅಂಚುಗಳ ನಡುವೆ ಬೀಳುವ ಈ ತೂಕ ಗಾಡಿ ನೆಟ್ಟಗೆ ಓಡಲು ಅನುಕೂಲಕರವೆಂದು ಬಳಕೆಯಿಂದ ಸಾಬೀತಾಗಿದೆ. ಆಟಿಕೆಯ ಟೊಳ್ಳು ಮೈ ಇದಕ್ಕಿಂತ ಬಹಳ ಹಗುರವಾಗಿರುವುದರಿಂದ ತಳದ ಕೆಳಗೆ, ತೊಲೆಗಳ ಸಂದಿನಲ್ಲಿ ಉಕ್ಕಿನ ಪಟ್ಟಿಗಳನ್ನು ಅಂಟಿಸಿ ತೂಕ ಕೂಡಿಸುತ್ತಾರೆ.

ಗೋಡೆಗಳ ಕೆಲಸ ತಾಳ್ಮೆಯದು. ಆಟಿಕೆಯ ಗೋಡೆ ಒಂದೂವರೆ, ಎರಡು ಮಿಲಿಮೀಟರ್ ದಪ್ಪವಿದ್ದರೆ ಅದು ನಿಜದಲ್ಲಿ ಹದಿನೈದು ಸೆಂಟಿಮೀಟರ್ ದಪ್ಪದ ಉಕ್ಕಿಗೆ ಸಮ. ತೆರೆದ ವ್ಯಾಗನ್ನಿನಲ್ಲಿ ಮೇಲಂಚು ಕಣ್ಣಿಗೆ ನೇರವಾಗಿ ಬೀಳುವುದರಿಂದ ಅದನ್ನು ಒಳಗಡೆಯಿಂದ ಅರದಿಂದ ಉಜ್ಜಿ ತೆಳುವಾಗಿಸುವುದು ಅಗತ್ಯ. ಅಚ್ಚಿನಲ್ಲಿ ಎದ್ದುಬಂದ ಕೃತಕ ಹಿಡಿಕೆಗಳನ್ನು ಚಾಕುವಿನಿಂದ ಕೆತ್ತಿ ತೆಗೆದು, ಸಣ್ಣ ರಂಧ್ರ ಕೊರೆದು, ತೆಳು ಹಿತ್ತಾಳೆ ತಂತಿಯನ್ನು ಬಾಗಿಸಿ ಹೊಸ ಹಿಡಿಕೆಗಳನ್ನು ಕೂರಿಸುತ್ತಾರೆ. ಗೋಡೆಯ ಪಕ್ಕೆಪಟ್ಟಿಗಳನ್ನು ಪ್ಲಾಸ್ಟಿಕ್ ಹಾಳೆಯ ಎಳೆಗಳಿಂದ ಮಾಡಬಹುದು. ಹಳೆಯ ಡಬ್ಬಿಗಳಲ್ಲಿ ರಿವೆಟ್ ತಲೆಗಳ ಸಾಲು ಬೇಕಾದಾಗ, ತೆಳುವಾದ ಅಲ್ಯೂಮಿನಿಯಂ ಹಾಳೆಯ ಹಿಂಬದಿಯನ್ನು ಗುಂಡುಸೂಜಿಯಿಂದ ಸಮ ಅಂತರದಲ್ಲಿ ಒತ್ತಿ ಉಬ್ಬುಗಳನ್ನು ಎಬ್ಬಿಸಿ, ಆ ಹಾಳೆಯನ್ನು ಗೋಡೆಗೆ ಅಂಟಿಸುವುದು ಹಳೆಯ, ಈಗಲೂ ನೆಚ್ಚಬಹುದಾದ ಉಪಾಯ.

ಹೊರೆ ತುಂಬುವಾಗ ಮಾಡುವ ತಪ್ಪು ಬಹುತೇಕ ಮಾದರಿಗಳಲ್ಲಿ ಕಾಣಸಿಗುತ್ತದೆ. ಬಾಕ್ಸ್‌ಎನ್‌ನ ಒಳಭಾಗ ಸುಮಾರು 56 ಘನ ಮೀಟರ್. ಅದು ಹೊರಬಹುದಾದದ್ದು ಸುಮಾರು 58.8 ಟನ್. ಕಬ್ಬಿಣದ ಅದಿರು ಒಂದು ಘನ ಮೀಟರಿಗೆ ಎರಡು ಟನ್ನಿಗಿಂತ ಹೆಚ್ಚು ತೂಗುವುದರಿಂದ ಡಬ್ಬಿ ಸುಮಾರು ಅರ್ಧ ತುಂಬುವಷ್ಟರಲ್ಲೇ ತೂಕದ ಮಿತಿ ಮುಗಿಯುತ್ತದೆ. ಕಲ್ಲಿದ್ದಲು ಹಗುರವಾದ್ದರಿಂದ ಅಂಚಿನವರೆಗೂ ತುಂಬಿ ಮೇಲೆ ಗುಡ್ಡೆಯಾದರೂ ಮಿತಿ ಮೀರದು. ಹಾಗಾಗಿ ಅಂಚಿನವರೆಗೆ ಕೆಂಪು ಅದಿರು ತುಂಬಿದ ಮಾದರಿ ನೋಡಲು ಸೊಗಸಾಗಿದ್ದರೂ ಸುಳ್ಳು ಹೇಳುತ್ತದೆ. ಅದಿರಿನ ಡಬ್ಬಿಯಲ್ಲಿ ಹೊರೆ ತಳದಲ್ಲೇ ಉಳಿದು ಗೋಡೆಯ ಒಳಮೈ ಮೇಲಿನವರೆಗೂ ಕಾಣುತ್ತಿರಬೇಕು, ಆ ಗೋಡೆಗೆ ಕೆಂಧೂಳು ಮೆತ್ತಿರಬೇಕು. ಇದಕ್ಕೆ ಬೇಕಾದ ಪುಡಿಗೆ ಪರದೇಶಕ್ಕೆ ಬರೆಯಬೇಕಾಗಿಲ್ಲ. ಕೆಮ್ಮಣ್ಣನ್ನು ಒಣಗಿಸಿ, ಕುಟ್ಟಿ, ವಸ್ತ್ರಗಾಳಿತ ಮಾಡಿ, ನೀರು ಬೆರೆಸಿದ ಅಂಟಿನ ಮೇಲೆ ಉದುರಿಸಿದರೆ ಬಣ್ಣ ಮತ್ತು ಕಣದ ಗಾತ್ರ ಎರಡೂ ನಂಬುವಂತಿರುತ್ತವೆ.

ಬಣ್ಣ ಮತ್ತು ಬರಹ ಡಬ್ಬಿಗೆ ಕಾಲವನ್ನು ಕೊಡುತ್ತವೆ. 1951ರಲ್ಲಿ ಮದ್ರಾಸ್ ಮತ್ತು ಸದರ್ನ್ ಮರಾಠಾ, ದಕ್ಷಿಣ ಭಾರತ ಮತ್ತು ಮೈಸೂರು ರಾಜ್ಯ ರೈಲ್ವೆಗಳು ಸೇರಿ ದಕ್ಷಿಣ ರೈಲ್ವೆಯಾಯಿತು. 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡ ನೈರುತ್ಯ ರೈಲ್ವೆ ಕೆಲಸ ಆರಂಭಿಸಿತು. ಡಬ್ಬಿಯ ಮೇಲಿನ ಒಡೆತನದ ಅಕ್ಷರಗಳು ಈ ಬದಲಾವಣೆಗಳನ್ನು ಅನುಸರಿಸಬೇಕು. ಈಚಿನ ವ್ಯಾಗನ್‌ಗಳ ಸಂಖ್ಯೆ ಹನ್ನೊಂದು ಅಂಕಿಗಳದು: ಮೊದಲ ಎರಡು ವ್ಯಾಗನ್ನಿನ ಬಗೆಯನ್ನು, ಮುಂದಿನ ಎರಡು ಒಡೆಯ ರೈಲ್ವೆಯನ್ನು, ಅದರ ಮುಂದಿನ ಎರಡು ತಯಾರಾದ ವರ್ಷವನ್ನು, ನಾಲ್ಕು ಅಂಕಿಗಳು ಕ್ರಮಸಂಖ್ಯೆಯನ್ನು ಸೂಚಿಸಿದರೆ, ಕೊನೆಯದು ಉಳಿದ ಹತ್ತು ಅಂಕಿಗಳಿಂದ ಲೆಕ್ಕ ಹಾಕಿ ಬಂದ ಪರೀಕ್ಷಾ ಅಂಕಿ. ಸರಿಸ್ಥಾನದ ಅಂಕಿಗಳ ಮೊತ್ತವನ್ನು ಮೂರರಿಂದ ಗುಣಿಸಿ, ಬೆಸಸ್ಥಾನದ ಅಂಕಿಗಳ ಮೊತ್ತವನ್ನು ಕೂಡಿಸಿ, ಬಂದದ್ದನ್ನು ಹತ್ತರ ಮುಂದಿನ ಗುಣಕಕ್ಕೆ ಏರಿಸಲು ಎಷ್ಟು ಬೇಕೋ ಅಷ್ಟೇ ಆ ಅಂಕಿ. ಕಾಲ್ಪನಿಕ ಸಂಖ್ಯೆ ಬರೆಯುವವರೂ ಈ ನಿಯಮವನ್ನು ಪಾಲಿಸಬೇಕೆಂಬುದು ನ್ಯಾಯವಾದ ನಿರೀಕ್ಷೆ. ಖಾಲಿ ತೂಕ, ಹೊರುವ ಸಾಮರ್ಥ್ಯ, ಕೊನೆಯ ದೊಡ್ಡ ದುರಸ್ತಿಯ ದಿನಾಂಕ ಮತ್ತು ವರ್ಕ್‌ಶಾಪಿನ ಸಂಕೇತಗಳೂ ಡಬ್ಬಿಯ ಮೇಲಿರುತ್ತವೆ. ಇವನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿ, ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಪೊರೆಯ ಕಾಗದದ ಮೇಲೆ ಮುದ್ರಿಸಿಕೊಳ್ಳಬಹುದು.

ಪ್ಲಾಸ್ಟಿಕ್ಕಿನ ಆಚೆ ಮರದ ಸಾಧ್ಯತೆಯನ್ನೂ ಇಲ್ಲಿ ಹೇಳಬೇಕು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಚನ್ನಪಟ್ಟಣದ ಗೊಂಬೆಗಳಲ್ಲಿ ಬಣ್ಣದ ರೈಲೂ ಒಂದು. ಹಾಲೆಮರದ ತುಂಡನ್ನು ಚರಕಿ ಯಂತ್ರದಲ್ಲಿ ತಿರುಗಿಸಿ, ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತಿ ಬಣ್ಣ ಹತ್ತಿಸುವ ಈ ಕಸುಬಿನಲ್ಲಿ ದುಂಡನೆಯ ಆಕಾರಗಳು ಅತಿ ನಿಖರವಾಗಿ ಬರುತ್ತವೆ. ಎಣ್ಣೆ ಸಾಗಿಸುವ ಟ್ಯಾಂಕ್ ವ್ಯಾಗನ್ನಿನ ಮೈ ದುಂಡು ಉರುಳೆಯೇ ಆದ್ದರಿಂದ, ಅಂಥ ಆಟಿಕೆಯ ಉರುಳೆಯನ್ನೋ ಅಳತೆ ಕೊಟ್ಟು ಕಡೆಸಿದ ಹೊಸ ಉರುಳೆಯನ್ನೋ ಹಳೆಯ ಆಟಿಕೆಯ ತಳದ ಮೇಲೆ ಕೂರಿಸಿ ಟ್ಯಾಂಕ್ ಡಬ್ಬಿ ಮಾಡುವುದು ಪೂರ್ತಿ ಸಾಧ್ಯವಿರುವ ಕೆಲಸ. ಭದ್ರಾವತಿಯ ಟ್ರಾಮಿನಂಥ ಕಿರುಹಳಿಯ ಸೌದೆ ಗಾಡಿಗಳಿಗೆ ಮರದ ಹಲಗೆಯ ತಳವೇ ಸಹಜವಾದದ್ದು.

ಎಲ್ಲ ಆಟಿಕೆಗಳೂ ಮಾರ್ಪಾಡಿಗೆ ತಕ್ಕವಲ್ಲ. ಪೆಟ್ಟಿಗೆಯೊಡನೆ ಉಳಿದುಬಂದ, ಬಣ್ಣ ಕೆಡದ ತಗಡಿನ ಡಬ್ಬಿ ತಾನೇ ಒಂದು ಚಾರಿತ್ರಿಕ ವಸ್ತು. ಅದನ್ನು ಕತ್ತರಿಸುವುದು ಒಂದು ದಾಖಲೆಯನ್ನು ಅಳಿಸಿ ಇನ್ನೊಂದನ್ನು ಬರೆದಂತೆ. ಒಡೆದ, ಭಾಗಗಳು ಕಳೆದುಹೋದ ಡಬ್ಬಿಗಳೇ ಈ ಕೆಲಸಕ್ಕೆ ಸಲ್ಲುತ್ತವೆ. ಹಳೆಯ ಆಟಿಕೆಗಳ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿನ ಸೀಸಕ್ಕೆ 2016ರಲ್ಲಿ ಹೊರಡಿಸಿದ ನಿಯಮ ಹತ್ತು ಲಕ್ಷದಲ್ಲಿ 90 ಭಾಗಗಳ ಮಿತಿ ಹಾಕಿತಾದರೂ ಅದಕ್ಕೆ ಮೊದಲಿನ ವಸ್ತುಗಳಿಗೆ ಅಂಥ ಖಾತರಿಯಿಲ್ಲ. ಆದುದರಿಂದ ಬಣ್ಣವನ್ನು ಒಣದಾಗಿ ಉಜ್ಜದೆ, ನೀರಿನಲ್ಲಿ ನೆನೆಸಿದ ಉಜ್ಜುಕಾಗದದಿಂದ, ಮೂಗು ಬಾಯಿ ಮುಚ್ಚಿಕೊಂಡು, ಮಕ್ಕಳಿಂದ ದೂರ ಕೂತು ಉಜ್ಜಬೇಕು. ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಹಳೆಯ ಭಾಗಗಳು, ಲೋಹದಲ್ಲಿ ಸೇರಿದ್ದ ಸೀಸದ ಕಲ್ಮಶದಿಂದಾಗಿ ಒಳಗೊಳಗೇ ಬಿರಿದು ಪುಡಿಯಾಗುವ ರೋಗಕ್ಕೆ ಒಳಗಾಗುತ್ತವೆ. ಕೂದಲೆಳೆಯ ಬಿರುಕು ಕಂಡ ಭಾಗವನ್ನು ಎಷ್ಟು ಚೆಂದವಿದ್ದರೂ ಬಳಸಬಾರದು.

ಈಚಿನ ವರ್ಷಗಳಲ್ಲಿ ಮೂರು ಆಯಾಮದ ಮುದ್ರಣ ಯಂತ್ರಗಳು ಕೈಗೆಟುಕಿದ ಮೇಲೆ, ಡಬ್ಬಿಯ ಮೈಯನ್ನು ಕಂಪ್ಯೂಟರಿನಲ್ಲಿ ಬಿಡಿಸಿ ರಾಳದಲ್ಲಿ ಮುದ್ರಿಸಿಕೊಂಡು, ಹಳೆಯ ಆಟಿಕೆಯ ಬೋಗಿ ಮತ್ತು ತಳವನ್ನು ಮಾತ್ರ ಉಳಿಸಿಕೊಳ್ಳುವ ದಾರಿ ತೆರೆದಿದೆ. ಆದರೂ ಅಳತೆಯ ಹೊಣೆ ಹಿಂದಿನಂತೆಯೇ ಮನುಷ್ಯನದು. ತಪ್ಪು ನಕ್ಷೆಯನ್ನು ಯಂತ್ರ ಅಷ್ಟೇ ನಿಷ್ಠೆಯಿಂದ ಮುದ್ರಿಸಿಕೊಡುತ್ತದೆ. ಕೆಲಸ ಮುಗಿದ ಮೇಲೆ ಡಬ್ಬಿಯ ತಳದ ಕೆಳಮೈಯಲ್ಲಿ ಮಾಸದ ಶಾಯಿಯಿಂದ ಪ್ರಮಾಣ, ಹಳಿಯ ಗೇಜ್, ಆಧಾರವಾದ ನಕ್ಷೆ ಅಥವಾ ಚಿತ್ರ, ಯಾವ ಆಟಿಕೆಯಿಂದ ಯಾವ ಭಾಗ ಬಂದಿದೆ, ಯಾವ ಅಳತೆಯನ್ನು ಊಹಿಸಲಾಗಿದೆ, ಕೆಲಸ ಮುಗಿದ ವರ್ಷ ಯಾವುದು ಎಂಬುದನ್ನು ಬರೆದಿಡುವ ಪದ್ಧತಿಯನ್ನು ಪ್ರತಿಯೊಬ್ಬ ಮಾದರಿಕಾರನೂ ರೂಢಿಸಿಕೊಳ್ಳಬೇಕು. ತರೀಕೆರೆಯ ಕಿರುಹಳಿಯದೋ ಬೀರೂರು ಕವಲಿನದೋ ಒಂದು ಡಬ್ಬಿಯನ್ನು ಮುಂದೆ ಯಾರಾದರೂ ಅಧ್ಯಯನಕ್ಕೆ ಕೈಗೆತ್ತಿಕೊಂಡಾಗ, ಅದರಲ್ಲಿ ನಂಬಬಹುದಾದದ್ದು ಎಷ್ಟು ಎಂಬುದನ್ನು ಆ ನಾಲ್ಕು ಸಾಲುಗಳಿಂದಲೇ ತಿಳಿಯಬೇಕಾಗುತ್ತದೆ.